ಗುಟ್ಟಿನ ಗಿರಾಕಿ

ವರ್ಲಿಂಡಾ ಟೇಟಮ್ ಹುಟ್ಟಾ ಅನುಮಾನದ ಹೆಂಗಸಲ್ಲ. ಅಮೆರಿಕದ ಮೆಂಫಿಸ್ ಊರಿನ ದಕ್ಷಿಣದ ಅಂಚಿನಲ್ಲಿರುವ ಕಾಟನ್‌ವುಡ್ ಬೆಂಡ್ ಎಂಬ ಇನ್ನೂರ ಹನ್ನೆರಡು ಮನೆಗಳ ಅಪಾರ್ಟ್‌ಮೆಂಟಿಗೆ ಅವಳು ಮ್ಯಾನೇಜರು. ಅಲ್ಲಿಗೆ ಅವಳು ಬಂದದ್ದು ಬಕೆಟ್ಟು ಹಿಡಿದುಕೊಂಡು, ಖಾಲಿಯಾದ ಮನೆಗಳನ್ನು ಉಜ್ಜಿ ತೊಳೆಯುವ ಕೆಲಸಕ್ಕೆ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಆಫೀಸಿನಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ಮನೆ ಕೇಳಿಕೊಂಡು ಬಂದ ಗಂಡ ಹೆಂಡತಿಗೆ ಅವಳೇ ಒದ್ದೆ ಕೈಯಲ್ಲಿ ಮನೆ ತೋರಿಸಿದ್ದಳು. ಆಗಿನ ಮ್ಯಾನೇಜರು ಮಿಸ್ ಅರ್ಲೀನ್ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡು, "ಸೋಮವಾರದಿಂದ ಆಫೀಸಿಗೆ ಬಾ ಮಗಾ. ಒಳ್ಳೇ ಬಟ್ಟೆ ಇದ್ಯಾ?" ಎಂದಳು. ಇಲ್ಲ ಎಂದಾಗ ತನ್ನದೇ ನೀಲಿ ಕೋಟು ಕೊಟ್ಟಳು. ವರ್ಲಿಂಡಾಳ ಸಂದರ್ಶನ ಅಷ್ಟಕ್ಕೇ ಮುಗಿದಿತ್ತು.

ಈಗ ಅವಳಿಗೆ ಐವತ್ಮೂರು. ಎರಡೂ ಮಂಡಿ ನೋವು. ಕೆಲಸದ ಜೊತೆಗೆ ಬಂದ ನೆಲಮಹಡಿಯ ಮನೆಯಲ್ಲೇ ಮಗ ಡೆಕ್ಸ್ಟರ್ ಬೆಳೆದು, ಲಾರಿ ಓಡಿಸಲು ಹೊರಟುಹೋಗಿದ್ದ. ಕೆಲಸ ಹೋದರೆ ಮನೆಯೂ ಹೋಗುತ್ತದೆ ಎನ್ನುವುದನ್ನು ಅವಳು ಯೋಚಿಸಿದವಳೇ ಅಲ್ಲ, ಮಾರ್ಚ್ ತಿಂಗಳವರೆಗೆ.

ಮಾರ್ಚ್‌ನಲ್ಲಿ ಬಿಳಿ ಗಡ್ಡದವನೊಬ್ಬ ಬಂದಿದ್ದ. ಹೆಂಡತಿ ಸತ್ತು ಆರು ತಿಂಗಳಾಯಿತು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದ. ವರ್ಲಿಂಡಾಳಿಗೆ ಕರುಳು ಚುರುಕ್ಕೆಂದಿತು. "ಗೇಟಿನ ಹತ್ರ ಒಂದಿದೆ ಅಪ್ಪಾಜಿ. ಆ ಸಾಲಲ್ಲಿ ಹೆಚ್ಚಾಗಿ ವಯಸ್ಸಾದವ್ರೇ ಇದಾರೆ, ಮಕ್ಕಳ ಗಲಾಟೆ ಇರಲ್ಲ, ನಿಮಗೆ ಜೊತೆ ಸಿಗುತ್ತೆ" ಎಂದಳು. ಹದಿನೈದು ದಿನಕ್ಕೆ ಕಂಪನಿಯಿಂದ ಕಾಗದ ಬಂತು. ಗಡ್ಡದವನು ಗಿರಾಕಿಯೇ ಅಲ್ಲ. ಆಫೀಸಿನವರು ಹೇಗೆ ಮಾತಾಡುತ್ತಾರೆಂದು ನೋಡಿ ಅಂಕ ಹಾಕಲು ಕಂಪನಿಯೇ ದುಡ್ಡು ಕೊಟ್ಟು ಕಳಿಸುವ ಮನುಷ್ಯ. ಈ ಕಸುಬಿನಲ್ಲಿ ಅಂಥವರು ಎಲ್ಲ ಕಡೆಯೂ ಇದ್ದಾರೆ. ಬಾಡಿಗೆ ಆಫೀಸಿನವರ ಬಾಯಲ್ಲಿ ಅವರು ಗುಟ್ಟಿನ ಗಿರಾಕಿಗಳು. ಬಾಡಿಗೆಗೆ ಬಂದವರಲ್ಲಿ ಭೇದ ಮಾಡಬಾರದೆಂಬ ಅಲ್ಲಿನ ಕಾನೂನಿಗೆ, ಯಾವ ಸಾಲಲ್ಲಿ ಯಾರಿದ್ದಾರೆ ಎಂದು ಹೇಳುವುದೂ ವಿರುದ್ಧ, ಮಕ್ಕಳ ವಿಷಯ ಎತ್ತುವುದು ಇನ್ನೂ ದೊಡ್ಡ ತಪ್ಪು. ನೂರಕ್ಕೆ ಅರವತ್ತೊಂದು ಬಂದಿತ್ತು. ಇನ್ನೊಮ್ಮೆ ಎಂಬತ್ತಕ್ಕಿಂತ ಕಡಿಮೆ ಬಂದರೆ ಬೇರೆ ಮ್ಯಾನೇಜರನ್ನು ನೋಡಿಕೊಳ್ಳುತ್ತೇವೆ ಎಂದು ಕಾಗದದ ಕೊನೆಯ ಸಾಲು ಹೇಳಿತು.

ಹಾವು ಕಚ್ಚಿದವಳಿಗೆ ಹಗ್ಗವೂ ಹಾವು. ಅವತ್ತಿನಿಂದ ವರ್ಲಿಂಡಾ ಬಂದವರ ಮುಖ ಬಿಟ್ಟು ಬೂಟು ನೋಡತೊಡಗಿದಳು. ಹಳೇ ಕಾರಿಗೆ ಹೊಸ ಬೂಟು ಇದ್ದರೆ ಅನುಮಾನ. ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರೆ ಅನುಮಾನ. ಫೋನ್ ನಂಬರು ಬೇರೆ ಊರಿನದಾಗಿದ್ದರೆ, ಕಾರನ್ನು ದೂರ ನಿಲ್ಲಿಸಿದ್ದರೆ, ಕಷ್ಟದ ಕತೆ ಹೇಳಿದರೆ ಅನುಮಾನ. ಕಷ್ಟದ ಕತೆಗೆ ಎಲ್ಲಕ್ಕಿಂತ ಹೆಚ್ಚು.

ಆಗಸ್ಟ್ ಕೊನೆಗೆ ಮನೆ ತೋರಿಸುವ ಕೆಲಸದ ಹುಡುಗಿ ಬಿಟ್ಟು ಹೋದಳು. ಆ ಜಾಗಕ್ಕೆ ಅರವತ್ಮೂರು ಅರ್ಜಿ ಬಂದವು. ಕಂಪ್ಯೂಟರು ನಲವತ್ತನ್ನು ತಾನೇ ಹೊಡೆದುಹಾಕಿತು. ಉಳಿದವರಿಗೆ ವರ್ಲಿಂಡಾ ಫೋನು ಮಾಡಿದಳು. ಹನ್ನೊಂದು ಜನ ಎತ್ತಲಿಲ್ಲ, ಐದು ಜನಕ್ಕೆ ಶನಿವಾರ ಕೆಲಸ ಬೇಡ, ಒಬ್ಬ ಯಾವ ಅರ್ಜಿ ಎಂದು ಅವಳನ್ನೇ ಕೇಳಿದ. ಸೋಸಿ ಸೋಸಿ ಕೊನೆಗೆ ಇಬ್ಬರು ಉಳಿದರು. ಸೆಪ್ಟೆಂಬರ್ ಒಂಬತ್ತನೇ ತಾರೀಖು, ಮಂಗಳವಾರ, ಇಬ್ಬರನ್ನೂ ಕರೆದಳು.

ಅದರ ಹಿಂದಿನ ವಾರ ಊರಿನ ಪೂರ್ವದ ಕಡೆಯ ಮ್ಯಾನೇಜರಮ್ಮ ಒಬ್ಬಳು ಫೋನಿನಲ್ಲಿ ಹೇಳಿದ್ದಳು: "ಈಗ ಸಂದರ್ಶನಕ್ಕೂ ಗುಟ್ಟಿನ ಗಿರಾಕೀನ ಕಳಿಸ್ತಿದಾರಂತೆ ಕಣೇ. ನಾವು ಎಲ್ಲರನ್ನೂ ಒಂದೇ ಥರ ಕೇಳ್ತೀವಾ ಅಂತ ನೋಡೋಕೆ. ಮಕ್ಕಳ ಕತೆ ತೆಗೀತಾರಂತೆ. ನೀನು ಅಯ್ಯೋ ಪಾಪ ಅಂದ್ಯೋ, ಮುಗೀತು."

ನಿಜವೋ ಸುಳ್ಳೋ ಯಾರಿಗೆ ಗೊತ್ತು. ವರ್ಲಿಂಡಾ ಮಾತ್ರ ಕಂಪನಿಯ ಹನ್ನೆರಡು ಪ್ರಶ್ನೆಗಳ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟುಕೊಂಡಳು.

ಮೊದಲು ಬಂದವನು ಬ್ರ್ಯಾಂಟ್ಲಿ ಓಕ್ಸ್. ಇಪ್ಪತ್ತನಾಲ್ಕರ ಹುಡುಗ, ಫೋನ್ ಅಂಗಡಿಯಲ್ಲಿ ಮಾರಾಟ ಮಾಡುತ್ತಿದ್ದವನು. ಬಾಗಿಲು ದಾಟುವ ಮೊದಲೇ ನಗು ಒಳಗೆ ಬಂದಿತ್ತು.

"ಮಿಸ್ ವರ್ಲಿಂಡಾ, ಆ ಓಲೆ ಎಲ್ಲಿ ತಗೊಂಡ್ರಿ? ನಮ್ಮಮ್ಮ ನೋಡಿದ್ರೆ ನಿಮ್ಮ ಕಿವಿ ಸಮೇತ ಕಿತ್ಕೊಂಡು ಹೋಗ್ತಾರೆ."

ಹನ್ನೆರಡು ಪ್ರಶ್ನೆಗಳಿಗೂ ಅವನು ಮಜ್ಜಿಗೆ ಕುಡಿದಷ್ಟು ಸಲೀಸಾಗಿ ಉತ್ತರ ಕೊಟ್ಟ. ಆಮೇಲೆ ಇಬ್ಬರೂ ತೋರಿಕೆಯ ಮನೆಗೆ ಹೋದರು. ಯಾರೂ ವಾಸವಿಲ್ಲದ, ಗಿರಾಕಿಗೆ ತೋರಿಸಲೆಂದೇ ಸಜ್ಜು ಮಾಡಿಟ್ಟ ಮನೆ ಅದು. ಮೇಜಿನ ಮೇಲೆ ಮೇಣದ ನಿಂಬೆಹಣ್ಣು, ಕಪಾಟಿನಲ್ಲಿ ಬರೀ ಬೆನ್ನು ಮಾತ್ರ ಇರುವ ಪುಸ್ತಕ. ಕೆಲಸ ಕೇಳಿ ಬಂದವರು ಅಲ್ಲಿ ಮ್ಯಾನೇಜರನ್ನೇ ಗಿರಾಕಿ ಎಂದುಕೊಂಡು ಮನೆ ತೋರಿಸಬೇಕು. ಬ್ರ್ಯಾಂಟ್ಲಿ ಪರದೆ ಸರಕ್ಕೆಂದು ಎಳೆದು, "ಈ ಬೆಳಕಿಗೆ ಬೇರೆಯವರು ಕಾಸು ಕೇಳ್ತಾರೆ, ನಾವು ಪುಗಸಟ್ಟೆ ಕೊಡ್ತೀವಿ" ಎಂದ. ವರ್ಲಿಂಡಾಳಿಗೇ ನಗು ಬಂತು.

ಎರಡು ಗಂಟೆಗೆ ಜೊಲೀಸಾ ಕ್ರೆನ್‌ಶಾ ಬಂದಳು. ಬಿಳಿ ಷರ್ಟಿಗೆ ಇಸ್ತ್ರಿಯ ಗೆರೆ ಚಾಕುವಿನಂತೆ ನಿಂತಿತ್ತು. ಬೂಟು ಹೊಚ್ಚ ಹೊಸದು. ಆಚೆ, ಕಸದ ಡಬ್ಬಿಗಳ ಹತ್ತಿರದ ಒಂದೇ ಮರದ ನೆರಳಲ್ಲಿ, ಒಂದು ಕಡೆ ಬಣ್ಣ ಹೋದ ಕಾರು ನಿಂತಿತ್ತು. ವರ್ಲಿಂಡಾ ಬೂಟು ನೋಡಿದಳು, ಕಾರು ನೋಡಿದಳು. ಅರ್ಜಿಯ ಮೇಲಿನ ಫೋನ್ ನಂಬರು ನದಿಯಾಚೆಯ ಆರ್ಕನ್ಸಾಸ್ ರಾಜ್ಯದ್ದು. ಹುಡುಗಿ ಕೂತವಳೇ ಚೀಲದಿಂದ ಪುಟ್ಟ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಬಂದಳು, ಎಂದುಕೊಂಡಳು ವರ್ಲಿಂಡಾ. ಮುಖಕ್ಕೆ ನಗು ತಂದುಕೊಂಡು, ಪ್ರಶ್ನೆಯ ಹಾಳೆಯನ್ನು ಒಂದಕ್ಷರ ಬಿಡದೆ ಓದತೊಡಗಿದಳು.

"ನಿಮ್ಮ ಹಿಂದಿನ ಕೆಲಸದ ಬಗ್ಗೆ ಹೇಳಿ."

"ಆರು ವರ್ಷ ಹೋಟೆಲಲ್ಲಿ, ರೂಮ್ ಕೊಡೋ ಕೌಂಟರಲ್ಲಿದ್ದೆ ಮೇಡಂ. ಆಮೇಲೆ ಹದಿನಾಲ್ಕು ತಿಂಗಳು ಕೆಲಸ ಇರ್ಲಿಲ್ಲ." ಅವಳ ಕಣ್ಣು ಕಿಟಕಿಯಾಚೆ ಕಾರಿನ ಕಡೆ ಹೋಗಿ ಬಂತು. "ಮಗಳಿಗೆ ಉಬ್ಬಸ. ನಾಲ್ಕು ವರ್ಷ ಅವಳಿಗೆ. ನೇರಾಯಾ ಅಂತ. ಉಸಿರಿನ ಮಿಷನ್ ಹಿಡ್ಕೊಂಡು ರಾತ್ರಿಯಿಡೀ ಕೂರ್ಬೇಕಿತ್ತು, ಬೆಳಗ್ಗೆ ಕೌಂಟರಲ್ಲಿ ನಿಂತ್ರೆ ಕಣ್ಣು ಮುಚ್ಚೋದು. ಎರಡು ಸಲ ಹೇಳಿ ನೋಡಿದ್ರು, ಆಮೇಲೆ ಬರ್ಬೇಡ ಅಂದ್ರು."

ಕೇಳದೆಯೇ ಮಗುವಿನ ಸುದ್ದಿ ಬಂದಿತ್ತು. ವರ್ಲಿಂಡಾ ಮುಂದಿನ ಪ್ರಶ್ನೆ ಓದಿದಳು. ಹುಡುಗಿ ಉತ್ತರಿಸುತ್ತಿದ್ದಳು, ಆದರೆ ಮಾತಿಗೊಮ್ಮೆ ಅವಳ ಕಣ್ಣು ಕಾರಿಗೆ ಓಡುತ್ತಿತ್ತು. ಅಲ್ಲಿ ಇನ್ನೊಬ್ಬ ಕೂತು ಸಮಯ ಗುರುತು ಹಾಕಿಕೊಳ್ಳುತ್ತಿದ್ದಾನೆ ಎಂದು ವರ್ಲಿಂಡಾ ಲೆಕ್ಕ ಹಾಕಿದಳು. ನಾಲ್ಕು ವರ್ಷದ ಮಗುವನ್ನು ಸೆಪ್ಟೆಂಬರಿನ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಬಂದ ತಾಯಿಯ ಕಣ್ಣು ಹಾಗೇ ಓಡುತ್ತದೆ, ಜೊತೆಗೆ ಯಾರಿದ್ದರೂ ಓಡುತ್ತದೆ, ಎಂಬುದು ಅವಳಿಗೆ ಹೊಳೆಯಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಲು ನಾಲ್ಕು ಹೆಜ್ಜೆ ಸಾಕಿತ್ತು.

ಹನ್ನೆರಡನೆಯ ಪ್ರಶ್ನೆ, ನಿಮಗೇನಾದರೂ ಕೇಳುವುದಿದೆಯೇ ಎಂಬುದು. ಜೊಲೀಸಾ ಪುಟ್ಟ ಪುಸ್ತಕ ತೆರೆದಳು. ಬರೆದುಕೊಂಡು ಬಂದದ್ದನ್ನು ನೋಡಿ, ಮುಚ್ಚಿಬಿಟ್ಟಳು.

"ಮೇಡಂ, ಈ ಕೆಲಸಕ್ಕೆ ಮನೆ ಕೊಡ್ತೀವಿ ಅಂತ ಹಾಕಿದೀರಿ. ಅದು ಹತ್ತೊಂಬತ್ತನೇ ತಾರೀಖಿನೊಳಗೆ ಸಿಗುತ್ತಾ?"

"ಯಾಕೆ ಕೇಳ್ತಿದೀರಿ?" ಬಾಯಿ ತಪ್ಪಿ ಬಂದ ಮಾತು. ವರ್ಲಿಂಡಾ ನಾಲಿಗೆ ಕಚ್ಚಿಕೊಂಡಳು.

"ಅವತ್ತು ಕೋರ್ಟಲ್ಲಿದೆ ಮೇಡಂ. ಮಗು ಅಪ್ಪನ ಅಮ್ಮ ಕೇಸ್ ಹಾಕಿದಾರೆ, ಮಗು ತಮ್ಮ ಹತ್ರ ಇರ್ಲಿ ಅಂತ. ನಾನು ಅಕ್ಕನ ಮನೇಲಿ ಸೋಫಾ ಮೇಲೆ ಮಲಗ್ತೀನಿ, ಮಗೂನ ಎದೆ ಮೇಲೆ ಹಾಕ್ಕೊಂಡು. ಕೆಲಸ ಇಲ್ಲ, ಮನೆ ಇಲ್ಲ. ಜಡ್ಜ್ ಏನ್ ಹೇಳ್ತಾರೆ ನೀವೇ ಹೇಳಿ. ನಿನ್ ಹೆಸರಲ್ಲಿ ಒಂದು ವಿಳಾಸ ತೋರ್ಸು ಸಾಕು, ಮಗು ಎಲ್ಲೂ ಹೋಗಲ್ಲ ಅಂದ್ರು ವಕೀಲಮ್ಮ. ಮನೆ ಆಮೇಲೆ ಕೊಡಿ ಬೇಕಾದ್ರೆ. ಕೊಡ್ತೀವಿ ಅಂತ ಒಂದು ಕಾಗದ ಇದ್ರೂ ಸಾಕು."

ಇಪ್ಪತ್ತನಾಲ್ಕು ವರ್ಷದ ಹಿಂದಿನ ವರ್ಲಿಂಡಾ ಆಗಿದ್ದರೆ ಮೇಜು ಬಳಸಿ ಬಂದು ಆ ಕೈ ಹಿಡಿದುಕೊಳ್ಳುತ್ತಿದ್ದಳು. ಈಗಿನವಳು ಬಿಳಿ ಗಡ್ಡದವನನ್ನು ನೆನೆದಳು. ಅವನೂ ಹೀಗೇ ಕತೆ ಹೇಳಿದ್ದನಲ್ಲ.

"ಕುಟುಂಬದ ವಿಷಯ ಸಂದರ್ಶನದಲ್ಲಿ ಮಾತಾಡೋ ಹಾಗಿಲ್ಲ" ಎಂದಳು, ಹಾಳೆಯನ್ನು ನೋಡುತ್ತ. "ಆ ಮಾಹಿತೀನ ನಾವು ಗಣನೆಗೆ ತಗೊಳೋದಿಲ್ಲ. ಎಲ್ಲರಿಗೂ ಒಂದೇ ನಿಯಮ."

"ಹೌದು ಮೇಡಂ. ಸಾರಿ ಮೇಡಂ."

ತೋರಿಕೆಯ ಮನೆಯಲ್ಲಿ ಜೊಲೀಸಾ ಮೇಣದ ಹಣ್ಣಿನ ಕಡೆ ನೋಡಲೂ ಇಲ್ಲ. ಬಚ್ಚಲಿನ ನಲ್ಲಿ ತಿರುಗಿಸಿ, ನೀರು ಬಿಸಿಯಾಗುವವರೆಗೆ ಬೆರಳು ಹಿಡಿದು ಎಣಿಸಿದಳು. ಸಿಂಕಿನ ಕೆಳಗೆ ಬಗ್ಗಿ ಬೂಷ್ಟಿನ ವಾಸನೆ ಇದೆಯೇ ಎಂದು ಮೂಸಿದಳು. ಕಿಟಕಿಯ ಚಿಲಕ ಪುಟ್ಟ ಕೈಗೆ ಎಟಕುತ್ತದೆಯೇ ಎಂದು ಮಂಡಿಯೂರಿ ನೋಡಿದಳು. ಆಮೇಲೆ ಎದ್ದು ನಿಂತು, "ಈ ಮನೇಲಿ ನೀವು ನಿಶ್ಚಿಂತೆಯಾಗಿ ನಿದ್ದೆ ಮಾಡಬಹುದು" ಎಂದಳು. ಅಷ್ಟೇ ಹೇಳಿದ್ದು. ಅಷ್ಟು ಚೆನ್ನಾಗಿ ಆ ಮನೆಯನ್ನು ಯಾರೂ ತೋರಿಸಿರಲಿಲ್ಲ. ವರ್ಲಿಂಡಾಳಿಗೆ ಮಾತ್ರ ಎಲ್ಲ ಖಾತ್ರಿಯಾಯಿತು: ಹೀಗೆ ಮೂಲೆ ಮೂಲೆ ಪರೀಕ್ಷೆ ಮಾಡುವವಳು ಕೆಲಸಕ್ಕೆ ಬಂದವಳಲ್ಲ, ಕಂಪನಿಯಿಂದ ಬಂದವಳು.

ಅಂಕಗಳನ್ನು ನಿಯಮದ ಪ್ರಕಾರವೇ ಹಾಕಿದಳು. ಒಂದು ವರ್ಷಕ್ಕಿಂತ ಹೆಚ್ಚು ಕೆಲಸವಿಲ್ಲದಿದ್ದರೆ ನಾಲ್ಕು ಕಳೆಯಬೇಕು, ಕಳೆದಳು. ಅರವತ್ತಕ್ಕೆ ಬ್ರ್ಯಾಂಟ್ಲಿಗೆ ಐವತ್ತೊಂದು, ಜೊಲೀಸಾಗೆ ನಲವತ್ತೊಂಬತ್ತು. ಬುಧವಾರ ಬ್ರ್ಯಾಂಟ್ಲಿಗೆ ಕಾಗದ ಹೋಯಿತು, ಇಪ್ಪತ್ತೆರಡಕ್ಕೆ ಬಂದು ಸೇರು ಎಂದು. ಜೊಲೀಸಾಗೆ ವಿಷಾದದ ನಾಲ್ಕು ಸಾಲು ಹೋದವು. ಆ ರಾತ್ರಿ ವರ್ಲಿಂಡಾ ತಿಂಗಳುಗಟ್ಟಲೆ ಬಾರದ ನಿದ್ದೆ ಮಾಡಿದಳು.

ಶುಕ್ರವಾರ, ಹನ್ನೆರಡನೇ ತಾರೀಖು, ರಿಪೇರಿ ನೋಡಿಕೊಳ್ಳುವ ಹೋಸಿಯಾ ಕಾಫಿಗೆಂದು ಆಫೀಸಿಗೆ ಬಂದ. ಅರವತ್ತು ದಾಟಿದವನು. ಅವಳ ಜೊತೆ ಅಷ್ಟೂ ವರ್ಷ ದುಡಿದವನು, ಬಾಯಿಗೆ ಬೀಗವಿಲ್ಲದವನು.

"ಏನಮ್ಮಾ ಮಹಾರಾಣಿ, ಆ ಬಿಳಿ ಷರ್ಟಿನ ಹುಡುಗಿ ಯಾವಾಗ ಬರ್ತಾಳೆ?"

"ಯಾವ ಹುಡುಗಿ? ಬರೋದು ಬ್ರ್ಯಾಂಟ್ಲಿ ಅಂತ."

"ಆ ಹಲ್ಲು ಬಿಡೋ ಹುಡುಗನಾ? ನಿನ್ನ ತಲೆ ನೆಟ್ಟಗಿದ್ಯಾ? ಅವನು ಮೂರು ತಿಂಗಳು ಇದ್ರೆ ನನ್ನ ಟೋಪಿ ಬೇಯಿಸ್ಕೊಂಡು ತಿಂತೀನಿ. ಮಗು ಕರ್ಕೊಂಡು ಬಂದಿದ್ಲಲ್ಲ, ಅವಳಿಗೇನಾಯ್ತು?"

ವರ್ಲಿಂಡಾಳ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. "ಯಾವ ಮಗು?"

"ಕಸದ ಡಬ್ಬಿ ಹತ್ರ ಕಾರಿತ್ತಲ್ಲಾ, ಅದ್ರಲ್ಲಿ. ಅವಳ ಅಕ್ಕ ಅಂತೆ, ಆಸ್ಪತ್ರೇಲಿ ರಾತ್ರಿ ಪಾಳಿ ಮುಗಿಸ್ಕೊಂಡು ಬಂದವ್ಳು, ಮುಂದಿನ ಸೀಟಲ್ಲಿ ಕಣ್ಣು ಬಿಡೋಕಾಗ್ದೆ ಕೂತಿದ್ಲು. ಮಗು ಬೆವರಿ ನೀರಾಗಿತ್ತು. ಐಸ್ ಕಡ್ಡಿ ತಂದ್ಕೊಟ್ಟೆ. ನೀಲಿ ಮಿಷನ್ ಒಂದು ಮಡಿಲಲ್ಲಿಟ್ಕೊಂಡು, ತಾತಾ, ಇದ್ರಲ್ಲಿ ನಮ್ಮನೆ ಯಾವ್ದು ಅಂತ ಕೇಳ್ತು. ನಿಮ್ಮಮ್ಮ ಆರಿಸ್ತಾ ಇದಾರೆ ಇರು ಅಂದೆ."

ವರ್ಲಿಂಡಾ ಕಪ್ಪು ಕೆಳಗಿಟ್ಟಳು. ಗುಟ್ಟಿನ ಗಿರಾಕಿಗಳು ಕತೆ ತರುತ್ತಾರೆ, ಬೆವರಿದ ಮಗುವನ್ನು ತರುವುದಿಲ್ಲ.

ಇನ್ನೂ ಏಳು ದಿನವಿತ್ತು. ಇದನ್ನು ಬರೆಯುವಾಗ ಅವಳ ಪರವಾಗಿ ಏನಾದರೂ ಹೇಳಬೇಕೆನ್ನಿಸುತ್ತದೆ, ಹೇಳಲು ಸಿಗುವುದು ಸ್ವಲ್ಪವೇ. ಮೇಲಿನ ಸಾಹೇಬನಿಗೆ ಫೋನು ಮಾಡಿ ಇನ್ನೊಬ್ಬರನ್ನು ತೆಗೆದುಕೊಳ್ಳಬಹುದೇ ಎಂದು ಕೇಳಿದಳು. ಒಂದೇ ಜಾಗ, ಒಬ್ಬರೇ ಎಂದ. ಬ್ರ್ಯಾಂಟ್ಲಿಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡರೆ ಎಂದು ಬಾಯಿ ತೆರೆದಳು. "ಯಾಕೆ? ಅಂಕ ತಪ್ಪು ಹಾಕಿದ್ರಾ?" ಎಂದು ಅವನು ಕೇಳಿದ ದನಿಗೆ, "ಇಲ್ಲ ಸರ್, ಸುಮ್ನೆ ಕೇಳ್ದೆ" ಎಂದಳು. ಶನಿವಾರ ಜೊಲೀಸಾಳ ನಂಬರು ಒತ್ತಿದಳು. ಎರಡು ಸಲ ರಿಂಗಾಯಿತು. ಏನೆಂದು ಹೇಳುವುದು? ಕೆಲಸವಿಲ್ಲ, ಮನೆಯಿಲ್ಲ, ನಾನು ನಿನ್ನನ್ನು ಗುಟ್ಟಿನ ಗಿರಾಕಿ ಎಂದುಕೊಂಡೆ ಎಂದೇ? ಅತ್ತ ಎತ್ತುವ ಮೊದಲೇ ಇಟ್ಟುಬಿಟ್ಟಳು. ಕೊಡುತ್ತೇವೆಂಬ ಒಂದು ಕಾಗದ ಸಾಕು ಎಂದಿದ್ದಳಲ್ಲ ಹುಡುಗಿ, ಅದೊಂದನ್ನಾದರೂ ಬರೆಯೋಣವೆಂದು ಭಾನುವಾರ ಕೂತಳು. ಕಂಪನಿಯ ಹೆಸರಿರುವ ಹಾಳೆಯ ಮೇಲೆ ಕೋರ್ಟಿಗೆ ಸುಳ್ಳು ಬರೆದದ್ದು ಗೊತ್ತಾದರೆ ಅರವತ್ತೊಂದು ಅಂಕದ ಮಾತಿರಲಿ, ಆ ಸಂಜೆಗೇ ಸಾಮಾನು ಬೀದಿಗೆ. ಹಾಳೆಯನ್ನು ಡ್ರಾಯರಿಗೆ ಹಾಕಿದಳು. ಸೋಮವಾರ ಬಂತು, ಬುಧವಾರ ಬಂತು. ಹತ್ತೊಂಬತ್ತರ ಶುಕ್ರವಾರ ಎರಡು ಮನೆ ಬಾಡಿಗೆಗೆ ಹೋದವು, ಒಂದರಲ್ಲಿ ಪೈಪು ಒಡೆಯಿತು, ದಿನ ಕಳೆಯಿತು.

ಭಾನುವಾರ ಸಂಜೆ ಬ್ರ್ಯಾಂಟ್ಲಿಯಿಂದ ಮೆಸೇಜು ಬಂತು. ನ್ಯಾಶ್‌ವಿಲ್‌ನಲ್ಲಿ ಇದಕ್ಕಿಂತ ಒಳ್ಳೇದು ಸಿಕ್ಕಿತು ಮಿಸ್ ವರ್ಲಿಂಡಾ, ದೇವರು ನಿಮಗೆ ಒಳ್ಳೇದು ಮಾಡಲಿ, ಜೊತೆಗೊಂದು ನಗುವ ಮುಖ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅವಳು ಮತ್ತೆ ಆ ನಂಬರು ಒತ್ತಿದಳು. ಈ ಸಲ ಇಡಲಿಲ್ಲ.

"ಜೊಲೀಸಾ, ಕಾಟನ್‌ವುಡ್ ಬೆಂಡಿಂದ ವರ್ಲಿಂಡಾ ಟೇಟಮ್. ಕೆಲಸ ನಿನಗಿದೆ ಮಗಾ. ಮನೆನೂ ಇದೆ. ಇವತ್ತೇ ಬೀಗದಕೈ ಕೊಡ್ತೀನಿ."

ಆ ಕಡೆ ಟಿವಿ ಸದ್ದಿತ್ತು. ಯಾರೋ ಅದನ್ನು ಆರಿಸಿದರು.

"ಶುಕ್ರವಾರ ಆಗೋಯ್ತು ಮೇಡಂ" ಎಂದಳು ಜೊಲೀಸಾ. "ಮಗೂನ ಕೋರ್ಟಿಂದಾನೇ ಕರ್ಕೊಂಡು ಹೋದ್ರು. ಮಿಷನ್ ಹ್ಯಾಗೆ ಹಾಕೋದು ಅಂತ ಅವಳಜ್ಜಿಗೆ ತೋರಿಸ್ಕೊಟ್ಟೆ. ಅವರು ಕನ್ನಡಕ ತಂದಿರ್ಲಿಲ್ಲ. ಸರಿಯಾಗಿ ನೋಡ್ಕೊಂಡ್ರೋ ಇಲ್ವೋ."

ವರ್ಲಿಂಡಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

"ವರ್ಷ ಬಿಟ್ಟು ಮತ್ತೆ ನೋಡ್ತೀನಿ ಅಂದಿದಾರೆ ಜಡ್ಜು. ಅಷ್ಟೊತ್ತಿಗೆ ಮನೆ, ಕೆಲಸ ಎರಡೂ ಇರ್ಬೇಕಂತೆ. ಯಾವಾಗ್ ಬರ್ಲಿ ಮೇಡಂ?"

ಅವಳು ಬಂದಳು. ಬಂದ ತಿಂಗಳಲ್ಲಿ ಒಂಬತ್ತು ಮನೆ ತುಂಬಿಸಿದಳು. ಮೆಟ್ಟಿಲು ಹತ್ತಿ ಇಳಿದು ಮನೆ ತೋರಿಸುವುದೆಲ್ಲ ಅವಳದೇ ಆಯಿತು. ಎರಡು ವಾರಕ್ಕೊಮ್ಮೆ ಶನಿವಾರ ಹತ್ತರಿಂದ ನಾಲ್ಕರವರೆಗೆ ಮಗುವನ್ನು ನೋಡಲು ಕೋರ್ಟು ಬಿಟ್ಟಿತ್ತು. ಬಾಡಿಗೆ ಆಫೀಸಿಗೆ ಶನಿವಾರವೆಂದರೆ ಸುಗ್ಗಿ, ಅವತ್ತು ರಜೆ ಕೇಳುವವರೇ ಇಲ್ಲ. ವರ್ಲಿಂಡಾ ಕೇಳುವ ಮೊದಲೇ ಕೊಟ್ಟಳು. ಆ ದಿನ ತಾನೇ ಮಂಡಿ ಹಿಡಿದುಕೊಂಡು ಮೂರನೇ ಮಹಡಿ ಹತ್ತಿದಳು. ಹೋಸಿಯಾ ಮೆಟ್ಟಿಲ ಕೆಳಗೆ ನಿಂತು, "ಆಂಬುಲೆನ್ಸ್ ಕರೀಲಾ ಮಹಾರಾಣಿ?" ಎಂದು ಕೂಗುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಆ ವಿಷಯಕ್ಕೆ ಮಾತ್ರ ಅವನ ಬಾಯಿಗೆ ಬೀಗ ಬಿದ್ದಿತ್ತು.

ಮೇಡಂ ಎನ್ನುವುದು ಹೋಗಿ ಮಿಸ್ ವರ್ಲಿಂಡಾ ಆಯಿತು. ನವೆಂಬರಿನಲ್ಲಿ ಒಂದು ದಿನ, ಊಟದ ಹೊತ್ತಿನಲ್ಲಿ, ಜೊಲೀಸಾ ತಾನು ಮಾಡಿದ ಗೆಣಸಿನ ಕಡುಬಿನ ತುಂಡನ್ನು ಅವಳ ತಟ್ಟೆಗೆ ಹಾಕುತ್ತ ಹೇಳಿದಳು:

"ನಿಮಗೆ ಗೊತ್ತಾ ಮಿಸ್ ವರ್ಲಿಂಡಾ, ಅವತ್ತು ಇಲ್ಲಿಂದ ಹೋಗ್ತಾ ಅಕ್ಕನಿಗೆ ಹೇಳ್ದೆ, ಕೆಲಸ ಸಿಗಲ್ಲ ಅನ್ಸುತ್ತೆ, ಆದ್ರೆ ಆಯಮ್ಮ ನ್ಯಾಯವಾಗಿದ್ರು ಅಂತ. ಬೇರೆ ಕಡೆ ಎಲ್ಲಾ ಅಯ್ಯೋ ಪಾಪ ಅಂದು ಕಳಿಸಿದ್ರು. ನೀವು ಎಲ್ಲರ ಹಾಗೇ ನೋಡಿದ್ರಿ ನನ್ನ."

ವರ್ಲಿಂಡಾ ತಿನ್ನುತ್ತಿದ್ದುದನ್ನು ಕೆಳಗಿಟ್ಟಳು. ನುಂಗಿಕೊಂಡು ಇರಬಹುದಿತ್ತು. ಎರಡು ತಿಂಗಳು ನುಂಗಿದವಳಿಗೆ ಇನ್ನು ಹತ್ತು ತಿಂಗಳು ದೊಡ್ಡದಲ್ಲ. ಆದರೆ ಆ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ.

"ನಾನು ನಿನ್ನ ಗುಟ್ಟಿನ ಗಿರಾಕಿ ಅಂದ್ಕೊಂಡೆ ಮಗಾ. ಮಗು, ಕೋರ್ಟು, ಎಲ್ಲಾ ನಾಟಕ ಅಂದ್ಕೊಂಡೆ."

ಜೊಲೀಸಾ ನಕ್ಕಳು. ನಿಜವಾಗಿ ನಕ್ಕಳು, ಕೈ ಬಾಯಿಗೆ ಅಡ್ಡ ಇಟ್ಟುಕೊಂಡು. "ನಾನಾ? ಅಕ್ಕನ ಬೂಟು ಹಾಕ್ಕೊಂಡು ಬಂದವ್ಳು ಕಣ್ರೀ ನಾನು! ಗುಟ್ಟಿನ ಗಿರಾಕಿ ಅಂತೆ!" ನಗು ಸಣ್ಣದಾಯಿತು. ನಿಂತಿತು. "ಅಲ್ಲ ಅಂತ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಲು ಅದೇ ಸರಿಯಾದ ಗಳಿಗೆ. ವರ್ಲಿಂಡಾ ಮೇಜಿನ ಅಂಚು ನೋಡುತ್ತಿದ್ದಳು.

"ಹನ್ನೆರಡನೇ ತಾರೀಖು."

ಜೊಲೀಸಾಳ ತುಟಿ ಅಲುಗಿತು. ಹನ್ನೆರಡರಿಂದ ಹತ್ತೊಂಬತ್ತರವರೆಗೆ ಎಣಿಸುತ್ತಿದ್ದಾಳೆಂದು ವರ್ಲಿಂಡಾಳಿಗೆ ಗೊತ್ತಾಯಿತು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಚಿಕ್ಕ ವಯಸ್ಸಿನ ಗಂಡ ಹೆಂಡತಿ, ಕೈಯಲ್ಲಿ ಜಾಹೀರಾತಿನ ಚೀಟಿ, ಎರಡು ಕೋಣೆಯ ಮನೆ ಇದೆಯೇ ಎಂದರು.

"ಇದೆ, ಬನ್ನಿ" ಎಂದು ಜೊಲೀಸಾ ಎದ್ದಳು. ಮೊಳೆಯಿಂದ ಬೀಗದಕೈ ತೆಗೆದುಕೊಂಡಳು. ಮುಖದಲ್ಲಿ ಏನೂ ಇರಲಿಲ್ಲ. ಕಿಟಕಿಯಿಂದ ವರ್ಲಿಂಡಾ ನೋಡುತ್ತಿದ್ದಂತೆ ಮೂವರೂ ಅಂಗಳ ದಾಟಿದರು. ಆ ಹೆಂಗಸಿಗೆ ಏಳೆಂಟು ತಿಂಗಳಿರಬೇಕು, ನಿಧಾನ ನಡೆಯುತ್ತಿದ್ದಳು. ಜೊಲೀಸಾ ಅವಳ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡಿದ್ದಳು.

ಅರ್ಧ ಗಂಟೆಗೆ ವಾಪಸು ಬಂದಳು. ಬೀಗದಕೈಯನ್ನು ಮೊಳೆಗೆ ಹಾಕಿದಳು. ಅರ್ಧ ತಿಂದ ತಟ್ಟೆಗಳನ್ನು ತೆಗೆದು, ತನ್ನದನ್ನು ಕಸಕ್ಕೆ ಸುರಿದಳು.

"ಅವರಿಗೆ ಹಿಡಿಸ್ತು, ಮೇಡಂ. ನಾಳೆ ಬಂದು ಸಹಿ ಹಾಕ್ತಾರೆ."

ಆಮೇಲೂ ಅವಳು ದಿನಾ ಒಂಬತ್ತಕ್ಕೆ ಬಂದಳು. ಬೇರೆಲ್ಲಿಗೆ ಹೋಗುತ್ತಾಳೆ? ಮುಂದಿನ ಸೆಪ್ಟೆಂಬರಿಗೆ ಜಡ್ಜಿನ ಮುಂದೆ ನಿಲ್ಲುವಾಗ ಈ ಕೆಲಸವೂ ಇರಬೇಕು, ಈ ಕೆಲಸದ ಮನೆಯೂ ಇರಬೇಕು. ಆರಡಿ ದೂರದಲ್ಲಿ ಎರಡು ಮೇಜು, ಒಂದೇ ಕಿಟಕಿ. ವರ್ಲಿಂಡಾ ಬೆಳಗ್ಗೆ ಗುಡ್ ಮಾರ್ನಿಂಗ್ ಅನ್ನುತ್ತಾಳೆ. ಜೊಲೀಸಾ, ಗುಡ್ ಮಾರ್ನಿಂಗ್ ಮೇಡಂ, ಅನ್ನುತ್ತಾಳೆ.